ಎಷ್ಟು ವರ್ಷಕ್ಕೆ ಬೇಕು?

ಜನವರಿ 12

ಭಾಮೈದನಿಗೆ,

ನಾನು ಚೆನ್ನಾಗಿದ್ದೇನೆ, ನಿನ್ನಕ್ಕ ಚೆನ್ನಾಗಿದ್ದಾಳೆ, ನೀನೂ ಚೆನ್ನಾಗಿಯೇ ಇರುತ್ತೀಯ. ಅದು ಮುಗಿಯಿತು. ಈಗ ಬೈಯುತ್ತೇನೆ.

ನಾನು ಕೇಳಿದ್ದು ಒಂದೇ ಮಾತು. ನಿನ್ನಕ್ಕನಿಗೆ ಅಕ್ಷರ, ದಾರ, ಬಟ್ಟೆ ಎಲ್ಲ ದೊಡ್ಡದಾಗಿ ಕಾಣುವ ಹಾಗೆ ಒಂದು ಟ್ಯಾಬ್ ಬೇಕು, ಹಳೆಯದಾದರೂ ಪರವಾಗಿಲ್ಲ, ಯಾವುದು ಕೊಳ್ಳಲಿ ಎಂದು. ನೀನು ಕಳಿಸಿದ್ದೇನು? ಹಾಳೆ ತುಂಬ ಪಟ್ಟಿ. ಒಂದು ಕಡೆ 'ಮಿಡ್ ರೇಂಜ್', ಇನ್ನೊಂದು ಕಡೆ 'ಹೈ ಎಂಡ್', ಎರಡರ ತಲೆಯ ಮೇಲೂ 'ರಿಫರ್ಬಿಶ್ಡ್' ಅನ್ನೋ ಕಿರೀಟ. ಯಾರೋ ಬಳಸಿ ಬಿಟ್ಟದ್ದನ್ನು ಒರೆಸಿ, ರಿಪೇರಿ ಮಾಡಿ, ಮತ್ತೆ ಮಾರುವುದಕ್ಕೆ ಇಷ್ಟು ಉದ್ದದ ಹೆಸರೇ? ನಾನೂ ಹಳೆಯ ಬೀಗಗಳನ್ನು ರಿಪೇರಿ ಮಾಡಿ ಮಾರುತ್ತೇನೆ. 'ಹಳೇದು, ಸರಿ ಮಾಡಿದ್ದೀನಿ, ಬೇಕಾದ್ರೆ ತಗೋ' ಎನ್ನುತ್ತೇನೆ, ಅಷ್ಟೇ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಎಂಬುದು ನಿನಗೆ ಮರೆತುಹೋಯಿತೋ, ನೆನಪಿಟ್ಟುಕೊಂಡೇ ಹೀಗೆ ಮಾಡಿದೆಯೋ?

ನಿನ್ನ ಪಟ್ಟಿ ಅರ್ಥವಾಗದೆ ಇಲ್ಲಿಯ ಅಂಗಡಿಯೊಂದಕ್ಕೆ ಹೋದೆ. ಅಲ್ಲಿಯ ಹುಡುಗಿ ಮಾತಾಡುವಾಗಲೆಲ್ಲ ಗಾಜಿನ ಬೀರುವಿನ ಕಡೆ ಮುಖ ಮಾಡುತ್ತಾಳೆ. "ಅಮ್ಮಾ, ನನಗೆ ಕಿವಿ ಕೇಳಲ್ಲ, ಬಾಯಿ ನೋಡಿ ತಿಳ್ಕೋಬೇಕು, ಈ ಕಡೆ ತಿರುಗಿ ಹೇಳು" ಎಂದೆ. ತಿರುಗಿದಳು. ತಿರುಗಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಹಾಗೇ ಎದ್ದು ಬಂದೆ.

ಫೋನ್ ಮಾಡಿ ಎನ್ನಬೇಡ. ಬೀಗದ ಕೆಲಸ ಹಿಡಿಯುವ ಮೊದಲು ಫ್ಯಾಕ್ಟರಿಯಲ್ಲಿ ಡಬ್ಬದ ಮುಚ್ಚಳ ಒತ್ತುವ ಪ್ರೆಸ್ಸಿನ ಪಕ್ಕದಲ್ಲಿ ಅರ್ಧ ಜೀವಮಾನ ನಿಂತ ಕಿವಿ ಇದು. ಮೆಸೇಜ್ ಮಾಡಿ ಎಂದೂ ಅನ್ನಬೇಡ. ನನ್ನ ಹೆಬ್ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಕಾಗದದಲ್ಲಿ ಬರೆ, ದೊಡ್ಡವರಿಗೆ ಬರೆಯುವ ಹಾಗೆ ಬರೆ.

ನಿನ್ನಕ್ಕನಿಗೆ ಕಣ್ಣು ಸ್ವಲ್ಪ ಮಂದ, ಅಷ್ಟೇ. ವಯಸ್ಸು. ತೂತಾದ ಬಟ್ಟೆಗೆ ಎಳೆ ತುಂಬುವ ರಫು ಕೆಲಸಕ್ಕೆ ಕೂತರೆ ಎಳೆ ಸರಿಯಾಗಿ ಕಾಣುತ್ತಿಲ್ಲ. ಗಿರಾಕಿಗಳ ಬಟ್ಟೆ ಕೋಣೆಯಲ್ಲಿ ಗುಡ್ಡೆ ಬಿದ್ದಿದೆ. ಕನ್ನಡಕ ಬದಲಾಯಿಸಿ ಆಯಿತು. ಕಿಟಕಿ ಪಕ್ಕಕ್ಕೆ ಮೇಜು ಹಾಕಿ ಆಯಿತು. ಯಾರೋ ಟ್ಯಾಬಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿಕೊಂಡು ಹೊಲಿಯಬಹುದು ಅಂದರಂತೆ. ಅದಕ್ಕೆ ಇದೆಲ್ಲ.

ಯಾವುದು ಹೆಚ್ಚು ಕಾಲ ಬಾಳುತ್ತೋ ಅದನ್ನು ಹೇಳು. ಒಂದು ಸಾಲು ಸಾಕು.

ನಿನ್ನ ಭಾವ

•

ಜನವರಿ 21

ಭಾವನವರಿಗೆ ನಮಸ್ಕಾರ,

ಬೈಗುಳ ತಲುಪಿತು, ಒಂದೂ ದಾರಿಯಲ್ಲಿ ಉದುರಿಲ್ಲ. ಪಟ್ಟಿ ಕಳಿಸಿದ್ದು ತಪ್ಪೇ. ಒಂದು ಸಾಲಿನಲ್ಲಿ ಮಾತ್ರ ಆಗುವುದಿಲ್ಲ, ನಾಲ್ಕು ಸಾಲು ಓದಿ.

ಚಿಕ್ಕದು, ಅಂದರೆ ಮಿಡ್ ರೇಂಜ್. ಹೋದ ವರ್ಷ ಬಂದದ್ದು. ಒಂದು ಆಫೀಸಿನವರು ಡಬ್ಬ ಒಡೆದು ಬೇಡವೆಂದು ಹಿಂದಿರುಗಿಸಿದರು. ಐದಾರು ವರ್ಷ ತೊಂದರೆಯಿಲ್ಲದೆ ನಡೆಯುತ್ತದೆ. ಆದರೆ ಪರದೆ ಸಾಧಾರಣ, ಕ್ಯಾಮೆರಾ ಇನ್ನೂ ಸಾಧಾರಣ.

ದೊಡ್ಡದು, ಅಂದರೆ ಹೈ ಎಂಡ್. ಅದು ಬಂದ ಕಾಲದಲ್ಲಿ ಅದಕ್ಕಿಂತ ಮೇಲಿನದು ಇರಲಿಲ್ಲ. ಒಬ್ಬ ಚಿತ್ರ ಬರೆಯುವವರ ಕೈಯಲ್ಲಿತ್ತು. ನಾನೇ ಬಿಚ್ಚಿ ಹೊಸ ಬ್ಯಾಟರಿ ಹಾಕಿದ್ದೇನೆ. ಪರದೆ ನೋಡಿದರೆ ಬಿಡಲು ಮನಸ್ಸಾಗುವುದಿಲ್ಲ. ಕ್ಯಾಮೆರಾ ಹತ್ತಿರ ಹಿಡಿದರೆ ಹತ್ತಿಯ ಎಳೆಯ ಮೇಲಿನ ನವಿರು ಕೂಡ ಕಾಣುತ್ತದೆ. ಆದರೆ ವಯಸ್ಸಾಗಿದೆ. ಕಂಪನಿಯವರು ಇನ್ನು ಎರಡು ವರ್ಷ ಮಾತ್ರ ಅದಕ್ಕೆ ಅಪ್ಡೇಟ್ ಕೊಡುತ್ತಾರೆ. ಆಮೇಲೆ ಒಂದೊಂದೇ ಆ್ಯಪ್ ಕೈಕೊಡುತ್ತ ಬರುತ್ತದೆ.

ಅಕ್ಕನ ಕೆಲಸಕ್ಕೆ ದೊಡ್ಡದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಬಂದವರನ್ನು 'ಎಷ್ಟು ವರ್ಷಕ್ಕೆ ಬೇಕು?' ಎಂದು ಕೇಳುತ್ತೇನೆ. ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಬೆನ್ನಿಗೆ ಅಂಟಿಸುತ್ತೇನೆ. ಆ ಚೀಟಿ ಇಲ್ಲದೆ ಯಾವುದೂ ಅಂಗಡಿ ಬಿಟ್ಟು ಹೋಗುವುದಿಲ್ಲ. ಪರೀಕ್ಷೆಗೆ ಓದುವ ಮಗುವಿಗೆ ಒಂದು ವರ್ಷ ಸಾಕು, ಅಂಗಡಿ ಲೆಕ್ಕ ಇಡುವವರಿಗೆ ಆರು ಬೇಕು. ಅದರ ಮೇಲೆ ಎಲ್ಲವೂ ನಿಂತಿದೆ.

ಅಕ್ಕನಿಗೆ ಎಷ್ಟು ವರ್ಷಕ್ಕೆ ಬೇಕು? ಅದೊಂದು ಹೇಳಿ, ಮಿಕ್ಕಿದ್ದು ನನಗೆ ಬಿಡಿ.

ನಿಮ್ಮ ಭಾಮೈದ

•

ಫೆಬ್ರವರಿ 3

ಭಾಮೈದನಿಗೆ,

ಎಷ್ಟು ವರ್ಷಕ್ಕೆ ಬೇಕು ಅಂದರೆ ಏನೋ ಅರ್ಥ? ಬೀಗ ಕೊಳ್ಳಲು ಬಂದವನನ್ನು ನಾನು 'ಇನ್ನೆಷ್ಟು ವರ್ಷ ಆ ಮನೇಲಿ ಇರ್ತೀಯ' ಅಂತ ಕೇಳುತ್ತೇನೆಯೇ? ಕೇಳಿದರೆ ಅವನು ಆ ಬೀಗವನ್ನೇ ನನ್ನ ತಲೆಗೆ ಎಸೆಯುತ್ತಾನೆ.

ಇಂಥ ಪ್ರಶ್ನೆ ಕೇಳಲು ನಿನಗೆ ಯಾರು ಕಲಿಸಿದರು? ವ್ಯಾಪಾರ ಮಾಡುವವನು ಸಾಮಾನು ತೋರಿಸಬೇಕು, ಬೆಲೆ ಹೇಳಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಮನೆಯವರ ಆಯುಷ್ಯ, ಜಾತಕ ಎಲ್ಲ ನಿನಗ್ಯಾಕೆ? ಬೆನ್ನಿಗೆ ಚೀಟಿ ಅಂಟಿಸುತ್ತಾನಂತೆ!

ಹತ್ತು ವರ್ಷಕ್ಕೆ ಬೇಕು. ಹದಿನೈದು ಬೇಕು. ಅಂಟಿಸಿಕೋ ಹೋಗು.

ಐದಾರು ವರ್ಷ ನಡೆಯುತ್ತದೆ ಎಂದೆಯಲ್ಲ, ಆ ಚಿಕ್ಕದನ್ನೇ ಕಳಿಸು. ಎರಡು ವರ್ಷಕ್ಕೆ ಮುದಿಯಾಗುವ ವಸ್ತುವನ್ನು ಅಕ್ಕನ ಮನೆಗೆ ಕಳಿಸುತ್ತೇನೆ ಅನ್ನಲು ನಿನಗೆ ನಾಚಿಕೆಯಾಗಬೇಕು. ಪರದೆ ಚೆಂದವಂತೆ. ಚೆಂದ ಕಟ್ಟಿಕೊಂಡು ಏನು ಮಾಡಲಿ?

ನಿನ್ನಕ್ಕ ಈಗ ಪಕ್ಕದಲ್ಲೇ ಕೂತು 'ಅವನಿಗೇನು ಅಷ್ಟುದ್ದ ಬರೀತಿದ್ದೀರಿ' ಅಂತ ಕೇಳುತ್ತಿದ್ದಾಳೆ. ನಿನ್ನ ಆರೋಗ್ಯ ವಿಚಾರಿಸುತ್ತಿದ್ದೇನೆ ಎಂದೆ.

ನಿನ್ನ ಭಾವ

•

ಫೆಬ್ರವರಿ 12

ಭಾವನವರಿಗೆ,

ನನ್ನ ಆರೋಗ್ಯ ಚೆನ್ನಾಗಿದೆ, ನಿಮ್ಮ ಕಾಗದ ಓದುವವರೆಗೂ ಇನ್ನೂ ಚೆನ್ನಾಗಿತ್ತು.

ಹತ್ತು ವರ್ಷ ಬಾಳುವ ಟ್ಯಾಬ್ ಇನ್ನೂ ಯಾರೂ ಮಾಡಿಲ್ಲ. ಮಾಡಿದ ದಿನ ನನ್ನ ಅಂಗಡಿ ಮುಚ್ಚುತ್ತದೆ. ಒಂದು ಸಾಮಾನ್ಯ ಪ್ರಶ್ನೆಗೆ ನೀವು ಯಾಕೆ ಇಷ್ಟು ಹಾರಾಡುತ್ತೀರೋ ನನಗೆ ತಿಳಿಯುತ್ತಿಲ್ಲ. ದುಡ್ಡಿನ ಯೋಚನೆಯಾದರೆ ಆ ಮಾತೇ ಬೇಡ, ಅಕ್ಕನ ಹತ್ತಿರ ನಾನು ವ್ಯಾಪಾರ ಮಾಡುವುದಿಲ್ಲ.

ಎರಡನ್ನೂ ಇದರ ಜೊತೆ ಕಳಿಸುತ್ತಿದ್ದೇನೆ, ಸ್ಟ್ಯಾಂಡ್ ಸಮೇತ. ಕಂಪನಿಯ ಗುರುತಿನ ಮೇಲೆ ಟೇಪ್ ಅಂಟಿಸಿದ್ದೇನೆ, ಹೆಸರು ನೋಡಿ ಯಾರೂ ಮೋಸ ಹೋಗಬಾರದು ಎಂದು. ಕೆಲವು ದಿನ ಅಕ್ಕ ಎರಡರಲ್ಲೂ ಕೆಲಸ ಮಾಡಿ ನೋಡಲಿ. ಬೇಡವಾದದ್ದು ವಾಪಸ್ ಬರಲಿ. ಅಕ್ಕನೇ ಆರಿಸಬೇಕು. ನೀವು ಕೈ ಹಾಕಬೇಡಿ. ಕೈ ಹಾಕಿದರೂ ಸ್ಕ್ರೂಡ್ರೈವರ್ ಹಾಕಬೇಡಿ.

ಚೀಟಿ ಖಾಲಿ ಅಂಟಿಸಿದ್ದೇನೆ. ಅಂಗಡಿ ಶುರು ಮಾಡಿದ ಮೇಲೆ ಇದೇ ಮೊದಲು.

ನಿಮ್ಮ ಭಾಮೈದ

•

ಮಾರ್ಚ್ 2

ಭಾಮೈದನಿಗೆ,

ನಿನ್ನ ಎರಡು ರತ್ನಗಳೂ ಬಂದವು. ಮೊದಲು ದೊಡ್ಡದನ್ನು ತೆರೆದೆ. ಮುಖ ತೋರಿಸು ಎಂದಿತು. ತೋರಿಸಿದೆ. ಗುರುತು ಸಿಗಲಿಲ್ಲ ಎಂದಿತು. ಕನ್ನಡಕ ತೆಗೆದು ತೋರಿಸಿದೆ. ಸಿಗಲಿಲ್ಲ. ಹಾಕಿಕೊಂಡು ತೋರಿಸಿದೆ. ಇನ್ನು ಸ್ವಲ್ಪ ಹೊತ್ತು ಕಾಯಿ ಎಂದಿತು. ನನ್ನ ಮನೆಯಲ್ಲಿ ನನಗೇ ಕಾಯಿ ಎನ್ನುತ್ತದೆ! ಇಷ್ಟು ವರ್ಷದಲ್ಲಿ ನಾನು ತೆರೆಯಲಾಗದೆ ಬಿಟ್ಟ ಬೀಗ ಇದೊಂದೇ. ನಿನ್ನಕ್ಕ ಬಂದು, ನಿನ್ನ ಕಾಗದದ ಹಿಂದೆಯೇ ಬರೆದಿದ್ದ ನಂಬರ್ ಒತ್ತಿದಳು, ತೆರೆಯಿತು. ಹಿಂದೆ ಬರೆದಿದ್ದೇನೆ ಅಂತ ಮುಂದೆ ಬರೆಯುವುದಕ್ಕೆ ನಿನಗೇನು ರೋಗ?

ಸರಿ. ಒಂದು ಉಣ್ಣೆಯ ಕೋಟು, ಮೊಣಕೈ ಹತ್ತಿರ ಹುಳ ತಿಂದು ತೂತಾಗಿತ್ತು. ದೊಡ್ಡದನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಕೆಳಗೆ ಕೋಟು ಹರಡಿಕೊಂಡಳು. ಕೈ ಕೆಳಗೆ, ಕಣ್ಣು ಮೇಲೆ. ಮೊದಲು ಸೂಜಿ ಬೆರಳಿಗೆ ಚುಚ್ಚಿತು. ಆಮೇಲೆ ಹದ ಸಿಕ್ಕಿತು ನೋಡು. ಅಡ್ಡ ಎಳೆ, ಉದ್ದ ಎಳೆ, ಒಂದರ ಕೆಳಗೊಂದು ತೂರಿಸುತ್ತ ಹೋದಳು. ಪರದೆಯ ಮೇಲೆ ಒಂದೊಂದು ಎಳೆ ಹಗ್ಗದ ಹಾಗೆ ಬಿದ್ದಿತ್ತು, ನನಗೂ ಕಂಡಿತು. ತುಟಿ ಅಲ್ಲಾಡುತ್ತಿತ್ತು. ಏನೋ ಹಾಡಿಕೊಳ್ಳುತ್ತಿದ್ದಳು. ಅವಳು ಕೆಲಸ ಮಾಡುತ್ತ ಹಾಡಿದ್ದನ್ನು ನೋಡಿ ಒಂದು ವರ್ಷದ ಮೇಲಾಗಿತ್ತು.

ಮಾರನೆಯ ದಿನ ಚಿಕ್ಕದು. ಹತ್ತಿರ ತಂದರೆ ಮಸುಕು, ದೂರ ಇಟ್ಟರೆ ಚಿಕ್ಕದು. ಕಿಟಕಿ ಬೆಳಕು ಬಿದ್ದರೆ ಪರದೆಯಲ್ಲಿ ಎಳೆಯೂ ಇಲ್ಲ ಬಟ್ಟೆಯೂ ಇಲ್ಲ, ನನ್ನ ಮುಖ ಇದೆ. ಹಾಕಿದ್ದನ್ನು ಮೂರು ಸಲ ಬಿಚ್ಚಿದಳು. ಆಮೇಲೆ ಅದನ್ನು ಎತ್ತಿಕೊಂಡು ನನ್ನ ಕಡೆ ಬೆನ್ನು ಹಾಕಿ ಅದರ ಜೊತೆ ಏನೋ ಮಾತಾಡುತ್ತ ಕೂತಳು. ಬೈಯುತ್ತಿರಬೇಕು ಅಂದುಕೊಂಡೆ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ನಾಲ್ಕು ದಿನ ಬಿಟ್ಟು "ಯಾವುದು?" ಎಂದೆ.

"ಚಿಕ್ಕದು" ಎಂದಳು.

"ಅದರಲ್ಲಿ ನಿನಗೆ ಕಾಣಲ್ವಲ್ಲೇ?"

"ಕಂಡಷ್ಟು ಸಾಕು. ಅದೇ ಇರಲಿ."

ತಲೆಬುಡ ತಿಳಿಯಲಿಲ್ಲ. ಆದರೆ ನಾನು ಬೇಕೆಂದದ್ದೂ ಚಿಕ್ಕದೇ, ಅವಳು ಆರಿಸಿದ್ದೂ ಚಿಕ್ಕದೇ. ಅಂದಮೇಲೆ ಮುಗಿಯಿತಲ್ಲ. ದೊಡ್ಡದನ್ನು ಕಟ್ಟಿ ಕಳಿಸುತ್ತೇನೆ. ನನಗೆ ಖುಷಿಯಾಗಬೇಕಿತ್ತು. ಯಾಕೋ ಬೆಳಗಿನಿಂದ ಎಲ್ಲರ ಮೇಲೂ ರೇಗುತ್ತಿದ್ದೇನೆ.

ನಿನ್ನ ಭಾವ

•

ಮಾರ್ಚ್ 11

ಭಾವನವರಿಗೆ,

ಈ ಸಲ ನಮಸ್ಕಾರ ಬರೆಯುವ ಮನಸ್ಸಿಲ್ಲ.

ದೊಡ್ಡದರಲ್ಲಿ ಹಾಡುತ್ತ ಹೊಲಿದಳು ಎಂದು ನೀವೇ ಬರೆಯುತ್ತೀರಿ. ಚಿಕ್ಕದರಲ್ಲಿ ಹಾಕಿದ್ದನ್ನೆಲ್ಲ ಬಿಚ್ಚಿದಳು ಎಂದೂ ನೀವೇ ಬರೆಯುತ್ತೀರಿ. ಕೊನೆಗೆ ಚಿಕ್ಕದೇ ಇರಲಿ ಎಂದು ತೀರ್ಮಾನ. ಅಕ್ಕ ತಾನಾಗಿ ಹಾಗೆ ಹೇಳಿರಲು ಸಾಧ್ಯವಿಲ್ಲ. ನಿಮ್ಮ ಮುಖ ನೋಡಿ ಹೇಳಿದ್ದಾಳೆ. ನೀವು ಹಠ ಹಿಡಿದಾಗ ನಿಮ್ಮ ಮುಖ ಹೇಗಿರುತ್ತದೆ ಎಂದು ನನಗೂ ಗೊತ್ತು.

ಫೋನಿನಲ್ಲಿ ಕೇಳಿದೆ. 'ಅದೇ ಇರಲಿ ಪಾಪು' ಎಂದು ಮಾತು ತಿರುಗಿಸಿದಳು. ನನ್ನ ತಲೆ ಬೋಳಾದರೂ ನಾನು ಅವಳಿಗೆ ಪಾಪುವೇ, ಅದಕ್ಕೇ ಏನೂ ಹೇಳುವುದಿಲ್ಲ. ನೀವಾದರೂ ಹೇಳಿ. ನಿಮ್ಮ ಅಂಗೈಗೆ ಬೆಂಕಿ ಬಿದ್ದರೂ ಬೈದುಕೊಂಡೇ ಆರಿಸುವ ಮನುಷ್ಯ ನೀವು. ಬಾಯಿಗೆ ಬಂದದ್ದನ್ನು ಒಳಗಿಟ್ಟುಕೊಂಡದ್ದನ್ನು ನಾನು ನೋಡಿಲ್ಲ. ನಾನು ಕೇಳಿದ ಒಂದು ಪ್ರಶ್ನೆಗೆ ಮಾತ್ರ ಯಾಕೆ ಹೀಗೆ?

ಅಕ್ಕನ ಕೈಯಿಂದ ಅವಳ ಕೆಲಸ ಕಿತ್ತುಕೊಳ್ಳುವ ಹಠ ಯಾಕೆ? ಕಾರಣ ಬರೆಯುವವರೆಗೂ ದೊಡ್ಡದನ್ನು ಕಳಿಸಬೇಡಿ. ಕಳಿಸಿದರೆ ಬಾಗಿಲಿಂದಲೇ ವಾಪಸ್ ಮಾಡುತ್ತೇನೆ.

ಅಕ್ಕನ ತಮ್ಮ

•

ಏಪ್ರಿಲ್ 4

ಲೋ,

ಕಾರಣ ಬೇಕೇ? ತಗೋ.

ಹೋದ ವರ್ಷದ ಕೊನೆಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಇಬ್ಬರೂ ಹೋಗಿದ್ದೆವು. ಪರೀಕ್ಷೆಯೆಲ್ಲ ಆದಮೇಲೆ ಡಾಕ್ಟರು ಮಾತಾಡಿದರು, ಬಾಯಿಗೆ ಬಟ್ಟೆ ಕಟ್ಟಿಕೊಂಡು. ನನಗೆ ಒಂದಕ್ಷರ ತಿಳಿಯಲಿಲ್ಲ. ನಾನು ನಿನ್ನಕ್ಕನ ಮುಖ ನೋಡುತ್ತಿದ್ದೆ. ಅವಳು ತಲೆ ಆಡಿಸುತ್ತ ಕೇಳಿದಳು. ಹೊರಗೆ ಬಂದಮೇಲೆ "ಏನಂದರು?" ಎಂದೆ. "ಏನಿಲ್ಲ, ವಯಸ್ಸಿಂದು, ಕನ್ನಡಕ ಬದಲಾಯಿಸಬೇಕಂತೆ" ಎಂದಳು. ನನ್ನ ಕಡೆ ನೇರವಾಗಿ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಸುಳ್ಳು ಹೇಳುವಾಗ ಮಾತ್ರ ಅವಳು ಅಷ್ಟು ಬಿಡಿಸಿ ಹೇಳುವುದು.

ಮಾರನೆಯ ವಾರ ನಾನೊಬ್ಬನೇ ಹೋದೆ. ಗಿರಾಕಿಗೆ ಕೀಲಿ ಕೊಡಬೇಕು ಅಂತ ಹೇಳಿ ಮನೆಯಿಂದ ಹೊರಟೆ. ನನಗೆ ಕಿವಿ ಕೇಳಲ್ಲ, ಬರೆದು ಕೊಡಿ ಎಂದೆ. ಡಾಕ್ಟರು ಬರೆದು ಕೊಟ್ಟರು. ನೇರ ನೋಡಿದ ಜಾಗದಲ್ಲೇ ಮಸಿ ಬಳಿದ ಹಾಗೆ ಆಗುತ್ತದಂತೆ. ಅದು ಅಗಲವಾಗುತ್ತ ಹೋಗುತ್ತದಂತೆ. ಔಷಧಿಯಿಂದ ನಿಧಾನ ಮಾಡಬಹುದು, ನಿಲ್ಲಿಸಲಾಗದಂತೆ. ಓದು, ಹೊಲಿಗೆ, ಎದುರಿಗಿದ್ದವರ ಮುಖ, ಇವೆಲ್ಲ ಇನ್ನೆಷ್ಟು ಕಾಲ ಅಂತ ಕೇಳಿದೆ. ಒಂದು ಅಂಕಿ ಬರೆದರು.

ಆ ಅಂಕಿಯೂ ನಿನ್ನ ದೊಡ್ಡ ಟ್ಯಾಬಿನ ಅಂಕಿಯೂ ಒಂದೇ.

ಈಗ ತಿಳಿಯಿತೇ? ನೀನು 'ಎಷ್ಟು ವರ್ಷಕ್ಕೆ ಬೇಕು' ಎಂದು ಕೇಳುತ್ತೀಯ. ನಾನೇನು ಬರೆಯಲಿ? ಆ ದೊಡ್ಡದನ್ನು ಕೊಂಡು ಮನೆಯಲ್ಲಿಟ್ಟರೆ, ದಿನ ಬೆಳಗಾದರೆ ಆ ಅಂಕಿ ಮೇಜಿನ ಮೇಲೆ ಕೂತು ನನ್ನ ಮುಖ ನೋಡುತ್ತದೆ. ಚಿಕ್ಕದಾದರೆ ಐದಾರು ವರ್ಷ ನಡೆಯುತ್ತದೆ ಎಂದೆಯಲ್ಲ, ನಡೆಯಲಿ ಎಂದುಕೊಂಡೆ. ಬುದ್ಧಿಯಿಲ್ಲದ ಮಾತು, ನನಗೂ ಗೊತ್ತು. ನಿನ್ನ ಉಪದೇಶ ಬೇಡ.

ನನಗೆ ಗೊತ್ತು ಎಂಬುದು ಅವಳಿಗೆ ಗೊತ್ತಿಲ್ಲ. ನೀನು ಹೇಳಬೇಡ. ಹೇಳಿದರೆ ಅಲ್ಲಿಗೇ ಬಂದು ನಿನ್ನ ಅಂಗಡಿಗೆ ನೀನೂ ತೆರೆಯಲಾರದಂಥ ಬೀಗ ಜಡಿದು ಬರುತ್ತೇನೆ.

ಭಾವ

•

ಏಪ್ರಿಲ್ 22

ಪಾಪು,

ಅಕ್ಷರ ದೊಡ್ಡದು, ಸಾಲು ಓರೆ. ತಾಳ್ಮೆಯಿಂದ ಓದಿಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಭಾವನೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಅಂಚೆಗೆ ಹಾಕಿ ಅಂತ, ಕವರ್ ಅಂಟಿಸದೆ ಅವರ ಕೈಗೇ ಕೊಡುತ್ತೇನೆ. ಓದದೆ ಅಂಟಿಸುವ ಜಾಯಮಾನ ಅವರದಲ್ಲ.

ಮೊನ್ನೆ ಫೋನಿನಲ್ಲಿ 'ಊಟ ಆಯ್ತಾ ಅಕ್ಕಾ' ಎಂದು ನೀನು ಕೇಳಿದೆ. ಆಯಿತು ಎಂದೆ ನಾನು. ಆಮೇಲೆ ಬರೀ ಮೂಗು ಒರೆಸಿಕೊಳ್ಳುವ ಸದ್ದು. ಊಟ ಆಯಿತು ಎಂದರೆ ಯಾರಾದರೂ ಅಳುತ್ತಾರೇನೋ? ಅವರು ನಿನಗೆ ಬರೆದಿದ್ದಾರೆ ಎಂದು ಆಗಲೇ ತಿಳಿಯಿತು. ಅವರಿಗೆ ಗೊತ್ತಾಗಿದೆ ಎಂಬ ಅನುಮಾನ ಮೊದಲೇ ಇತ್ತು. ನಡುಮನೆಯಲ್ಲಿದ್ದ ಸ್ಟೂಲನ್ನು ಕೇಳದೆ ಎತ್ತಿ ಮೂಲೆಗಿಟ್ಟರು. ಬಿಸಿನೀರಿನ ಪಾತ್ರೆಯನ್ನು ನಾನು ಮುಟ್ಟುವ ಮೊದಲೇ ಇಳಿಸುತ್ತಾರೆ. ಮದುವೆಯಾದಾಗಿನಿಂದ ಒಲೆ ಎಲ್ಲಿದೆ ಎಂದು ನೋಡದ ಮನುಷ್ಯ. ಇಳಿಸುವಾಗ ಪಾತ್ರೆಯನ್ನೂ ಬೈಯುತ್ತಾರೆ, ನನ್ನನ್ನೂ ಬೈಯುತ್ತಾರೆ.

ನಾನು ಬಚ್ಚಿಟ್ಟೆ, ಅವರೂ ಬಚ್ಚಿಟ್ಟರು. ಸಾಕು ಈ ಆಟ.

ಈಗ ಟ್ಯಾಬಿನ ಮಾತು. ನಾನು ಚಿಕ್ಕದನ್ನು ಆರಿಸಿದ್ದು ಅವರ ಮುಖ ನೋಡಿ ಅಲ್ಲ. ನಾವು ಮಾತಾಡಿದ್ದನ್ನು ಅದು ಅಕ್ಷರ ಮಾಡಿ ತೋರಿಸುತ್ತದೆ, ಅವರಿಗೆ ಬೆನ್ನು ಹಾಕಿ ಕೂತು ಮಾತಾಡಿ ನೋಡಿದೆ. ದೊಡ್ಡದೂ ತೋರಿಸುತ್ತದೆ. ಆದರೆ ದೊಡ್ಡದು ಎರಡು ವರ್ಷಕ್ಕೆ ಮುದಿಯಾಗುತ್ತದೆ ಎಂದು ಅವರಿಗೆ ನೀನೇ ಬರೆದಿದ್ದೀಯ, ನಾನೂ ಓದಿದ್ದೇನೆ. ನನಗೆ ಅದು ಬೇಕಾಗುವುದೇ ಎರಡು ವರ್ಷದ ಮೇಲೆ.

ಯೋಚನೆ ಮಾಡು. ನಿಮ್ಮ ಭಾವನಿಗೆ ನನ್ನ ಮಾತು ತಿಳಿಯುವುದು ನನ್ನ ಬಾಯಿ ನೋಡಿದಾಗ ಮಾತ್ರ. ಇವತ್ತು ಅವರು ನನ್ನ ಕಡೆ ನೋಡುತ್ತಿದ್ದಾರೋ ಇಲ್ಲವೋ ಎಂದು ನನಗೆ ಕಾಣುತ್ತದೆ. ನೋಡದಿದ್ದರೆ ಮೇಜು ಕುಟ್ಟುತ್ತೇನೆ, ತಿರುಗುತ್ತಾರೆ. ನಾಳೆ ಕಾಣದೆ ಹೋದಾಗ? ಅವರು ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾರೆ. ನಾನು ಮಾತಾಡುತ್ತಲೇ ಇರುತ್ತೇನೆ. ಅವರಿಗೆ ಕೇಳುವುದಿಲ್ಲ, ಕೇಳಲಿಲ್ಲ ಎಂಬುದು ನನಗೆ ಕಾಣುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರು, ಒಬ್ಬೊಬ್ಬರು ಒಂದೊಂದು ಗೋಡೆಗೆ.

ಆಗ ಇನ್ನೊಂದು ಕೊಂಡರಾಯಿತು ಎನ್ನುತ್ತೀಯ. ಆಗ ನನಗೆ ಯಾರು ಕಲಿಸುತ್ತಾರೆ, ನಿಮ್ಮ ಭಾವನೇ? ಅದು ಮುಖ ತೋರಿಸು ಎಂದರೆ ಜಗಳಕ್ಕೆ ನಿಲ್ಲುವವರು. ಕಣ್ಣಿರುವಾಗಲೇ ಬೆರಳಿಗೆ ರೂಢಿಯಾಗಬೇಕು. ಅದಕ್ಕೇ ಚಿಕ್ಕದು.

ರಫು ಕೆಲಸ ಬಿಡಬೇಕಾಗುತ್ತದೆ. ಅದಕ್ಕೆ ಬೇಜಾರಿಲ್ಲ ಎಂದರೆ ಸುಳ್ಳು. ಆ ದೊಡ್ಡದರಲ್ಲಿ ಎಳೆಗಳು ಎಷ್ಟು ಚೆನ್ನಾಗಿ ಕಂಡವು ಗೊತ್ತೇನೋ.

ಫೋನ್ ಮಾಡಿದರೆ ಅಳಬೇಡ. ಅಳುವುದಾದರೆ ಫೋನ್ ಮಾಡಬೇಡ.

ಅಕ್ಕ

•

ಮೇ 6

ಭಾವ, ಅಕ್ಕ, ಇಬ್ಬರಿಗೂ,

ಅಕ್ಕನ ಕಾಗದ ಬಂತು. ಕವರಿನ ಮೇಲಿನ ವಿಳಾಸ ಭಾವನ ಅಕ್ಷರ. ಒಳಗಿನ ಹಾಳೆ ಮಡಿಚಿ ಬಿಚ್ಚಿ ಮಡಿಚಿ ಮೆತ್ತಗಾಗಿತ್ತು. ಎಷ್ಟು ಸಲ ಓದಿದಿರಿ ಎಂದು ಕೇಳುವುದಿಲ್ಲ.

ಎರಡನ್ನೂ ಇಟ್ಟುಕೊಳ್ಳಿ. ದಯವಿಟ್ಟು. ನಾನು ಕೈ ಮುಗಿಯುತ್ತೇನೆ.

ಪಾಪು

•

ಮೇ 25

ಭಾಮೈದನಿಗೆ,

ಎರಡನ್ನೂ ಇಟ್ಟುಕೊಳ್ಳುವುದಿಲ್ಲ. ನಿನ್ನ ಹತ್ತಿರ ಪುಕ್ಕಟೆ ತೆಗೆದುಕೊಂಡರೆ ನಿನ್ನ ಮೇಲೆ ರೇಗುವ ಹಕ್ಕು ಹೋಗುತ್ತದೆ. ಅಂಥ ನಷ್ಟ ಮಾಡಿಕೊಳ್ಳಲು ನಾನು ತಯಾರಿಲ್ಲ. ಅಲ್ಲದೆ ಎರಡು ಯಂತ್ರಗಳಿಗೆ ಚಾರ್ಜು ಹಾಕಿಕೊಂಡು ಕೂರುವ ತಾಳ್ಮೆ ಈ ಮನೆಯಲ್ಲಿ ಯಾರಿಗಿದೆ?

ಉತ್ತರ ತಡವಾಯಿತು. ಯಾಕೆಂದರೆ ಇಲ್ಲಿ ಜಗಳ ನಡೆಯುತ್ತಿತ್ತು. ಕಾಗದ ಓದಿ ಅಂಚೆಗೆ ಹಾಕಿ ಬಂದವನೇ ಹೇಳಿದೆ, "ದೊಡ್ಡದೇ ಇರಲಿ."

"ಚಿಕ್ಕದು ಚಿಕ್ಕದು ಅಂತ ಕುಣಿದವರು ನೀವೇ ಅಲ್ವಾ?" ಎಂದಳು.

"ಅದು ಆಗ."

"ಈಗೇನಾಯ್ತು?"

"ಈಗ ಓದಿದ್ದೀನಿ."

"ಓದಿದ ಮೇಲೆ ಅರ್ಥ ಆಗಬೇಕಿತ್ತಲ್ಲ. ನಾನು ಬರೆದಿದ್ದು ಚಿಕ್ಕದು ಬೇಕು ಅಂತ."

"ನಿನ್ನ ಕಣ್ಣಿರೋ ಎರಡು ವರ್ಷ ಕೈ ಕಟ್ಟಿಕೊಂಡು ಕೂತ್ಕೊಂಡು, ಕಣ್ಣು ಹೋದ ಮೇಲೆ ನನ್ನನ್ನ ಬೈಯೋದಕ್ಕೆ ಈಗಲೇ ಯಂತ್ರ ತಂದಿಟ್ಟುಕೋತೀಯಾ? ತಲೆ ನೆಟ್ಟಗಿದೆಯೇನೇ ನಿಂಗೆ?"

ಆಡಿಬಿಟ್ಟೆ ನೋಡು. ಅಷ್ಟು ತಿಂಗಳು ಬಾಯಿಂದಲೂ ಬಿಡದೆ, ಪೆನ್ನಿಂದಲೂ ಬಿಡದೆ ಹಿಡಿದಿಟ್ಟುಕೊಂಡಿದ್ದು, ಸಿಟ್ಟಿನಲ್ಲಿ ಎದುರಿಗೇ ಬಿದ್ದುಹೋಯಿತು. ಎರಡು ವರ್ಷ ಎಂದು. ಅವಳು ಅಳುತ್ತಾಳೆ ಎಂದುಕೊಂಡೆ. ಅವಳು "ಸದ್ಯ, ಹೇಳಿದ್ರಲ್ಲ" ಎಂದಳು.

ಆದರೆ ಪಟ್ಟು ಬಿಡಲಿಲ್ಲ. ಒಂದು ತಿಂಗಳು ಅದೇ. ಅವಳು ಚಿಕ್ಕದು ಎನ್ನುವುದು, ನಾನು ದೊಡ್ಡದು ಎನ್ನುವುದು. ಕೊನೆಗೆ ಒಂದು ಬೆಳಿಗ್ಗೆ ನಾನು ಒಂದು ಹಟಮಾರಿ ಬೀಗ ಬಿಚ್ಚುತ್ತ ಕೂತಿದ್ದೆ. ಬಂದು ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು. "ದೊಡ್ಡದು ಅಂತೀರಲ್ಲ, ಆಮೇಲೆ ಹೇಗೆ ಮಾತಾಡ್ತೀರಿ, ತೋರಿಸಿ ನೋಡೋಣ" ಎಂದು ಕಣ್ಣು ಮುಚ್ಚಿಕೊಂಡಳು.

ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಾಳೆ. ಬೀಗ ಕೆಳಗಿಟ್ಟೆ. ಅವಳ ಕೈ ಗಾಳಿಯಲ್ಲಿ ಬಂತು. ಮೊದಲು ಬೆರಳು ನನ್ನ ಕಣ್ಣಿಗೆ ಹೋಯಿತು. "ಅಯ್ಯೋ, ಕಣ್ಣು ಕಣೇ!" ಎಂದು ಕಿರುಚಿದೆ. "ಬಿಟ್ಟೆ ಬಿಟ್ಟೆ, ನಮ್ಮ ಮನೇಲಿ ಒಂದು ಜೊತೆ ಕಣ್ಣಾದ್ರೂ ಉಳಿಯಲಿ" ಎಂದು ನಕ್ಕಳು. ಆಮೇಲೆ ಮೂಗು ಸಿಕ್ಕಿತು. ಮೂಗಿನ ಕೆಳಗೆ ಬಂದು ಗದ್ದ ಹಿಡಿದಳು. ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಕಣ್ಣು ಮುಚ್ಚಿಯೇ ಇದೆ. ತುಟಿ ಮಾತ್ರ ಆಡಿತು.

"ಈಗ ನನ್ನ ಕಡೆ ನೋಡ್ತಿದ್ದೀರಿ, ಅಲ್ವಾ?"

ಹೂಂ ಎಂದು ತಲೆ ಆಡಿಸಿದೆ. ತಲೆ ಆಡಿಸಿದ್ದು ಅವಳ ಬೆರಳಿಗೆ ತಿಳಿಯಿತು.

ಬಹಳ ಹೊತ್ತು ಮಾತಾಡಿದಳು. ಹೆಚ್ಚಿನದೆಲ್ಲ ಬೈಗುಳವೇ. ಡಾಕ್ಟರ ಹತ್ತಿರ ಕದ್ದು ಹೋದದ್ದಕ್ಕೆ, ತಮ್ಮನಿಗೆ ಮೊದಲು ಹೇಳಿದ್ದಕ್ಕೆ, ಪಾತ್ರೆ ಇಳಿಸುವಾಗ ನೀರು ಚೆಲ್ಲುವುದಕ್ಕೆ. ಒಂದು ಮಾತೂ ತಪ್ಪಲಿಲ್ಲ ನನಗೆ. ಮುಖ ತಿರುಗಿಸಿಕೊಳ್ಳೋಣ ಎಂದರೆ ಗದ್ದ ಅವಳ ಕೈಯಲ್ಲಿದೆ.

ಆದ್ದರಿಂದ ದೊಡ್ಡದು ಇಲ್ಲೇ ಇರುತ್ತದೆ. ಚಿಕ್ಕದನ್ನು ನಾಳೆ ಕಟ್ಟಿ ಕಳಿಸುತ್ತೇನೆ. ದೊಡ್ಡದರ ಬೆನ್ನಿನ ಖಾಲಿ ಚೀಟಿಯನ್ನು ನಾನೇ ತುಂಬಿದ್ದೇನೆ, ಎರಡು ಎಂದು. ಬರೆಯುವಾಗ ನಿನ್ನಕ್ಕ ಪಕ್ಕದಲ್ಲೇ ಇದ್ದಳು. ಅಂಕಿ ಸಣ್ಣದಾಯಿತು, ದೊಡ್ಡದಾಗಿ ಬರೆಯಿರಿ, ನನಗೆ ಕಾಣಬೇಕು ಎಂದಳು. ಬರೆದೆ. ಉಣ್ಣೆಯ ಕೋಟಿನವನು ಬಂದು ತೂತು ಎಲ್ಲಿತ್ತು ಎಂದು ಹುಡುಕಿ ಹುಡುಕಿ ಸೋತು ಹೋದ. ಇನ್ನೂ ಮೂಟೆ ಬಟ್ಟೆ ಬಾಕಿ ಇದೆ, ಅದಕ್ಕೆ ಕೂತಿದ್ದಾಳೆ. ಒಂದು ಚಾರ್ಜರ್ ವೈರು ಉದ್ದದ್ದು ಕಳಿಸು, ಇದು ಕಿಟಕಿಯವರೆಗೆ ಎಟಕುತ್ತಿಲ್ಲ. ಬೆಲೆ ಬರೆದು ಕಳಿಸು, ಇಲ್ಲದಿದ್ದರೆ ವೈರನ್ನೂ ವಾಪಸ್ ಕಳಿಸುತ್ತೇನೆ.

ದಿನವೂ ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡೋಣ ಎಂದಿದ್ದಾಳೆ. ಗಡ್ಡ ಚುಚ್ಚುತ್ತದಂತೆ. ನಿನಗೆ ಗೊತ್ತಲ್ಲ, ನಾನು ವಾರಕ್ಕೊಮ್ಮೆ ಮುಖಕ್ಕೆ ಬ್ಲೇಡು ಹಾಕುವವನು. ಈಗ ದಿನಾ ಹಾಕಬೇಕು. ಈ ವಯಸ್ಸಿನಲ್ಲಿ, ಬೆಳಗಾಗೆದ್ದು, ತಣ್ಣೀರಲ್ಲಿ, ಮದುವೆ ಗಂಡಿನ ಹಾಗೆ ಕನ್ನಡಿ ಮುಂದೆ ನಿಂತು. ಇದೆಲ್ಲ ನಿನ್ನಿಂದ.

ನಿನ್ನ ಭಾವ